ಹಳೇ ಸೀರೆ ಕೇಳಿದ ಹುಟ್ಟುಹಬ್ಬ

ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಳ ಬಂದಿತ್ತು. ಗದ್ವಾಲದ ನಮ್ಮ ಓಣಿಯಲ್ಲಿ ನಳ ಬಂತೆಂದರೆ ಎಲ್ಲರ ಮನೆಯ ಕೊಡಗಳೂ ಒಮ್ಮೆಗೇ ಮಾತಿಗೆ ಶುರು ಮಾಡುತ್ತವೆ. ಗೋಡೆಯ ಆಚೆಯಿಂದ ಪಕ್ಕದ ಮನೆಯ ಶಕುಂತಲಮ್ಮ ಕೂಗಿದಳು: "ಅಕ್ಕಾರ, ನೀರು ರಾಡಿ ಬರಾಕ ಹತ್ಯಾವ ನೋಡ್ರಿ. ಬಿಳೀ ಬಟ್ಟಿ ನೆನಿ ಇಡಬ್ಯಾಡ್ರಿ." ಹೂಂ ಅಂದೆ. ಮಳೆಗಾಲದಲ್ಲಿ ನದಿಗೆ ಹೊಸ ನೀರು ಬಂದಾಗಲೆಲ್ಲ ನಮ್ಮ ನಳದ ನೀರಿಗೆ ತೆಳುವಾದ ಚಹಾದ ಬಣ್ಣ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಹಿಡಿದೆ. ಇವರ ಡಬ್ಬಿಗೆ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟೆ. ಇವರು ಬ್ಯಾಂಕಿಗೆ ಹೋದ ಮೇಲೆ ಚಹಾದ ಲೋಟ ಹಿಡಿದು ಕಟ್ಟೆಯ ಮೇಲೆ ಕೂತೆ. ದಿನವೂ ಹೀಗೆಯೇ. ಆ ಹೊತ್ತಿಗೇ ಮಹಬೂಬನಗರದಿಂದ ಮಗಳು ಪಲ್ಲವಿಯ ಫೋನು ಬರುವುದು ಕೂಡ.

ಅವಳಿಗೀಗ ಐದು ತಿಂಗಳು. ವಾಂತಿ ನಿಂತಿದೆ, ಹುಣಸೆಹಣ್ಣು ನೋಡಿದರೆ ಬೇಡ ಅನ್ನಿಸುತ್ತದೆ, ಶಾಲೆಯಲ್ಲಿ ಮಕ್ಕಳು ಟೀಚರ್ ದಪ್ಪ ಆಗಿದ್ದಾರೆ ಅನ್ನುತ್ತವೆ ಎಂದೆಲ್ಲ ಹೇಳಿದಳು. ಆಮೇಲೆ ಅಂದಳು:

"ಅಮ್ಮಾ, ಇಲ್ಲಿ ನಮ್ಮತ್ತಿ ಈಗ್ಲೇ ಕೂಸಿಗೆ ಎಲ್ಲಾ ತಂದಿಟ್ಟಾರ. ಝಿಪ್ ಇರೋ ಹಾಸಿಗಿ ಸುದ್ದಾ. ಆದ್ರ ನನಗ ಅಜ್ಜಿ ಸೀರೀದು ಒಂದು ಕೌದಿ ಬೇಕು. ಅಜ್ಜೀದು ಇಲ್ಲಾಂದ್ರ ಅಮ್ಮಮ್ಮಂದಾದ್ರೂ. ಇರ್ತಾವಲ್ಲ?"

"ನೋಡ್ತೀನಿ," ಅಂದೆ.

ನೋಡುವುದೇನೂ ಇರಲಿಲ್ಲ. ನನ್ನ ಅಲಮಾರಿಯಲ್ಲಿ ಏನಿದೆ, ಏನಿಲ್ಲ ಎನ್ನುವುದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಹೋಗಿ ತೆಗೆದೆ. ಕೆಳಗಿನ ಅರೆಯಲ್ಲಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದೇ ಒಂದು ಸೀರೆ. ಹೆಸರುಕಾಳಿನ ಬಣ್ಣದ ಮೈ, ಸಣ್ಣ ಚೌಕಳಿ, ಕೆಂಪು ಅಂಚು. ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಮೂಗಿಗೆ ಬಂತು. ಇಷ್ಟು ವರ್ಷ ಕತ್ತಲಲ್ಲಿ ಕೂತರೂ ಅದು ಹೋಗಿರಲಿಲ್ಲ. ಹಳೇ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಹಾಗೆ. ಮಡಿಕೆಯ ಗೆರೆಗಳಲ್ಲಿ ಬಣ್ಣ ಬಿಳಿಚಿತ್ತು. ಮುಟ್ಟಿದರೆ ಇನ್ನೂ ಹಪ್ಪಳದ ಹಾಗೆ ಬಿರುಸು.

ಅಲ್ಲೇ ಮಂಚದ ತುದಿಗೆ ಕೂತುಬಿಟ್ಟೆ. ನಾರಾಯಣಪೇಟೆಯ ಆ ವರ್ಷ ಪೂರ್ತಿ ಈ ಒಂದು ವಾಸನೆಯಲ್ಲಿದೆ.

ಇವರಿಗೆ ಆಗ ನಾರಾಯಣಪೇಟೆಯ ಶಾಖೆಗೆ ವರ್ಗವಾಗಿತ್ತು. ಪಲ್ಲವಿ ಹೈದರಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಮಕ್ತಲದಲ್ಲಿ ಭಾವನವರ ಮನೆಯಲ್ಲಿರುತ್ತಿದ್ದ ನಮ್ಮ ಅತ್ತೆ, "ಸುನಂದಾ ಒಬ್ಬಾಕಿ ಆಗ್ತಾಳ" ಎಂದು ತಮ್ಮ ತಗಡಿನ ಟ್ರಂಕು ಹಿಡಿದುಕೊಂಡು ನಮ್ಮ ಜೊತೆ ಬಂದರು. ನಾವು ಹಿಡಿದ ಬಾಡಿಗೆ ಮನೆ ನೇಕಾರರ ಓಣಿಯಲ್ಲಿತ್ತು. ಬೆಳಗಾಗುತ್ತಲೇ ಓಣಿಯ ಉದ್ದಕ್ಕೂ ನೂಲು ಹಾಸಿ, ಎರಡೂ ಕಡೆ ಕೋಲಿಗೆ ಬಿಗಿದು, ಗಂಡಸರು ಉದ್ದನೆಯ ಕುಂಚದಲ್ಲಿ ಗಂಜಿ ಹಚ್ಚುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಹಾಲಿಗೆ, ತರಕಾರಿಗೆ ಹೊರಟವರು ನೂಲಿನ ಪಕ್ಕದಲ್ಲಿ ಮೈ ಹಿಡಿ ಮಾಡಿಕೊಂಡು ದಾಟಬೇಕು. ನಮ್ಮ ಗೋಡೆಗೆ ಅಂಟಿದ ಮನೆ ಅನಸೂಯಮ್ಮನದು. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಖಟಕ್ ಖಟಕ್ ಸದ್ದು ನಮ್ಮ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳಿಗೂ ಕೇಳುತ್ತಿತ್ತು. ಅವು ಸಣ್ಣಗೆ ನಡುಗುತ್ತಿದ್ದವು.

ಮಳೆ ಶುರುವಾದ ದಿನಗಳು. ನಮಗೆ ಹಾಲು ತಂದುಕೊಡುತ್ತಿದ್ದ ಬೀರಮ್ಮ ಎರಡು ದಿನ ಬರಲಿಲ್ಲ. ಮಗಳಿಗೆ ಹೆರಿಗೆಯಾಗಿದೆ ಎಂದು ಗೊತ್ತಾಯಿತು. ಅತ್ತೆ ಸುಮ್ಮನಿರುವವರಲ್ಲ. "ನಡಿ, ಬಾಣಂತಿ ಮಾರಿ ನೋಡಿ ಬರೂಣು" ಎಂದು ಒಂದು ಡಬ್ಬಿಯಲ್ಲಿ ಅಂಟಿನುಂಡೆ ಹಾಕಿಕೊಂಡು ಹೊರಟರು. ಊರಿನವರು ದವಾಖಾನಿ ಅನ್ನುವ ಆಸ್ಪತ್ರೆಗೆ ನಡೆದೇ ಹೋದೆವು.

ಬೀರಮ್ಮನವರು ಕುರಿ ಕಾಯುವ ಮನೆತನ. ಕೂಸನ್ನು ಕರಿಕಂಬಳಿಯ ಮೇಲೆ ಮಲಗಿಸಿ, ಜಾರುವ ನೈಲಾನು ಸೀರೆಯ ತುಂಡು ಹೊದಿಸಿದ್ದರು. ಕೂಸಿನ ಕುತ್ತಿಗೆಯಲ್ಲಿ ಕೆಂಪಗೆ ಬೆವರುಸಾಲೆ. ಬೀರಮ್ಮ ನಾಚಿಕೊಂಡಳು: "ನಮ್ಮ ಕಂಬಳಿ ಅಂದ್ರ ನಮ್ಮ ದೇವರು ಬೀರಪ್ಪನ್ನ ಹಾಸಿದಂಗ ಅವ್ವಾ. ಆದ್ರ ಈ ಹಸೀ ಮೈಗೆ ಚುಚ್ಚತೈತಿ. ಗಡಿಬಿಡ್ಯಾಗ ಬಂದ್ವಿ. ಮನ್ಯಾಗೂ ಹತ್ತೀದು ಒಂದು ಅರಿವಿ ಇಲ್ಲ." ಆಚೀಚೆ ನೋಡಿದೆ. ಬಹಳ ಮಂದಿಯ ಕೂಸುಗಳದೂ ಅದೇ ಕಥೆ. ಅಲ್ಲಿದ್ದ ನರ್ಸು ನಮ್ಮತ್ತೆಯ ನೂಲಿನ ಸೀರೆಯ ಸೆರಗು ಮುಟ್ಟಿ ನೋಡಿ, "ಇಂಥಾ ಪಾತ ಚೀರಲುಂಟೆ ತೆಚ್ಚಿ ಇವ್ವಂಡಮ್ಮಾ" ಅಂದಳು. ಇಂಥ ಹಳೇ ಸೀರೆ ಇದ್ದರೆ ತಂದುಕೊಡಿ ಎಂದು.

ಮನೆಗೆ ಬಂದವರೇ ಅತ್ತೆ ಟ್ರಂಕು ತೆಗೆದರು. ಉಟ್ಟು ಉಟ್ಟು ಬಣ್ಣ ಯಾವುದೆಂದು ತಿಳಿಯದ ಹಾಗಾದ ಒಂದು ಸೀರೆ ತೆಗೆದು ನಡುವೆ ಹರಿದರು. ಹೊಸ ಬಟ್ಟೆ ಹರಿದರೆ ಕಿವಿಗೆ ಬಡಿಯುತ್ತದೆ. ಹಳೇ ಹತ್ತಿ ಹರಿಯುವಾಗ ಯಾರೋ ಉಸಿರು ಬಿಟ್ಟ ಹಾಗೆ ಅಷ್ಟೆ. ಸಂಜೆಯೊಳಗೆ ಅದು ಬೀರಮ್ಮನ ಮೊಮ್ಮಗನ ಕೆಳಗಿತ್ತು.

ಅದೇ ವಾರ ಭಾವನವರು ಮಕ್ತಲದಿಂದ ಫೋನು ಮಾಡಿದರು. ಅವ್ವನಿಗೆ ಎಪ್ಪತ್ತು ತುಂಬುತ್ತದೆ, ನಾಲ್ಕು ಮಂದಿಯನ್ನು ಕರೆದು ಹುಟ್ಟುಹಬ್ಬ ಮಾಡೋಣ, ಈಗ ಎಲ್ಲರೂ ಮಾಡುತ್ತಾರೆ ಎಂದು. ಇವರು, "ಅವ್ವಾ, ನಿನ್ನ ಆಧಾರ್ ಕಾರ್ಡಿನ್ಯಾಗ ಜನವರಿ ಒಂದು ಅಂತೈತಿ, ಅಲ್ಲೀತನಕ ತಡೀಬೇಕೇನು?" ಎಂದು ಕೇಳಿದರು.

"ಆ ಕಾರ್ಡು ಬರದಾಂವ ಎಲ್ಲಾರ್ನೂ ಒಂದ ದಿನಾ ಹಡದಾನ," ಅಂದರು ಅತ್ತೆ. "ಮಕ್ತಲದಾಗ ನನ್ನ ವಾರಿಗಿಯಾಕೇರೆಲ್ಲ ಜನವರಿ ಒಂದಕ್ಕ ಹುಟ್ಯಾರ. ಅಷ್ಟು ಮಂದಿ ಸೂಲಗಿತ್ತೇರು ಎಲ್ಲಿದ್ರಪ? ನಾ ಹುಟ್ಟಿದ್ದು ಪಂಚಮಿ ಮರುದಿನ. ನಮ್ಮವ್ವ ಜೋಕಾಲಿ ಇಳದು ಬಂದು ಹಡದಾಳ."

ಹಾಗಾಗಿ ಶ್ರಾವಣದ ಪಂಚಮಿಯ ಮರುದಿನ ಎಂದು ನಿಕ್ಕಿಯಾಯಿತು.

ಆ ಮಧ್ಯಾಹ್ನ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದಾಗ ನನ್ನ ಕಾನ್ವೆಂಟಿನ ಮಾತು ಬಂತು. ನಾನು ಓದಿದ್ದು ರಾಯಚೂರಿನಲ್ಲಿ. ಹುಟ್ಟುಹಬ್ಬದ ದಿನ ಯೂನಿಫಾರ್ಮ್ ಬಿಟ್ಟು ಬಣ್ಣದ ಫ್ರಾಕು ಹಾಕಿಕೊಂಡು ಹೋಗಬಹುದಿತ್ತು. ಆದರೆ ನಮ್ಮ ಸಿಸ್ಟರ್ ಯಾರ ಕೈಯಿಂದಲೂ ಉಡುಗೊರೆ ತೆಗೆದುಕೊಳ್ಳಲು ಬಿಡುತ್ತಿರಲಿಲ್ಲ. ಮಾತೆಯ ಮೂರ್ತಿಯ ಕೆಳಗೆ ಒಂದು ಬೆತ್ತದ ಬುಟ್ಟಿ ಇರುತ್ತಿತ್ತು. ನನಗೇನಾದರೂ ಕೊಡಬೇಕು ಅನ್ನಿಸಿದವರು ಅದರಲ್ಲಿ ಹಾಕಬೇಕು. ಅದು ಊರಾಚೆಯ ಅನಾಥ ಮಕ್ಕಳ ಮನೆಗೆ ಹೋಗುತ್ತಿತ್ತು. ಒಂದು ವರ್ಷ ನನ್ನ ಗೆಳತಿ ನನ್ನ ಹೆಸರಿನಲ್ಲಿ ಒಂದು ಗುಲಾಬಿ ಬಣ್ಣದ ಸೋಪು ಹಾಕಿದ್ದಳು. ಹಾಕುವ ಮುಂಚೆ ಒಮ್ಮೆ ನನ್ನ ಕೈಗೆ ಕೊಟ್ಟಿದ್ದಳು. ದಿನವಿಡೀ ಅಂಗೈ ಮೂಸಿಕೊಳ್ಳುತ್ತಿದ್ದೆ.

ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. "ನಿಮ್ಮ ಸಿಸ್ಟರು ಶಾಣ್ಯಾಕಿ," ಅಂದರು. ಮಡಿಲಿನ ಸಿಪ್ಪೆ ಕೊಡವಿ ಮತ್ತೆ ಅಂದರು, "ನಾವೂ ಹಂಗ ಮಾಡೂಣು. ಆಯೇರಿ ಬ್ಯಾಡ. ಒಬ್ಬೊಬ್ಬಾಕಿ ಒಂದೊಂದು ಹಳೇ ಹತ್ತಿ ಸೀರಿ ತರಲಿ. ಕೂಡಿ ಕೌದಿ ಹೊಲದು ದವಾಖಾನಿಗೆ ಕೊಡೂಣು."

ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ನಮ್ಮ ಕಡೆ ಆಯೇರಿ ಅಂದರೆ ಬರೀ ಉಡುಗೊರೆಯಲ್ಲ. ನೀವು ನಮ್ಮ ಮನೆಗೆ ಸೀರೆ ಖಣ ತಂದರೆ, ನಿಮ್ಮ ಮನೆಯ ಕಾರ್ಯಕ್ಕೆ ನಾವು ಅಷ್ಟೇ ತೂಕದ್ದು ತಿರುಗಿಸಬೇಕು. ಅದು ಮುಯ್ಯಿ. ಹೀಗೆ ಮನೆಯಿಂದ ಮನೆಗೆ ತಿರುಗಿ ತಿರುಗಿ, ನಾನೇ ಕೊಟ್ಟ ಖಣವೊಂದು, ಮೂಲೆಯಲ್ಲಿನ ಅರಿಸಿನದ ಕಲೆಯ ಸಮೇತ, ಒಮ್ಮೆ ನನ್ನ ಉಡಿಗೇ ಬಂದು ಬಿದ್ದಿತ್ತು. ಇಂಥ ಊರಿನಲ್ಲಿ ಆಯೇರಿ ಬೇಡ ಅನ್ನುವುದೆಂದರೆ ನಿಮ್ಮ ಸಂಬಂಧ ಬೇಡ ಅಂದ ಹಾಗೆ ಕೇಳಿಸುತ್ತದೆ.

ಅತ್ತೆ ಕುಂಕುಮದ ಭರಣಿ ಹಿಡಿದು ಮನೆ ಮನೆಗೆ ಹೋದರು. ಛತ್ರಿ ಹಿಡಿದು ನಾನು ಹಿಂದೆ. ಎಲ್ಲ ಕಡೆ ಒಂದೇ ಮಾತು: "ಹೊಸಾದು ತಂದೀರಿ ಮತ್ತ. ಒಗದು ಒಗದು ಮೆತ್ತಗಾಗಿದ್ದು ತರ್ರಿ. ಕೂಸಿನ ಮೈಗೆ ಹಾಸಾಕ." ಎಲ್ಲರೂ ತಲೆ ಅಲ್ಲಾಡಿಸಿದರು, ನಕ್ಕರು. ಅನಸೂಯಮ್ಮ ಮಾತ್ರ ಮಗ್ಗದಿಂದ ಏಳದೆ ಅಂದಳು:

"ಗುರಮ್ಮವ್ವಾ, ಊರಿಗೆಲ್ಲ ಹತ್ತಿ ಸೀರಿ ನೇಯೋರು ನಾವು. ನೇದಿದ್ದು ನೇದಂಗ ಹೈದರಾಬಾದಿಗೆ ಹೋಗತೈತಿ. ನಾವು ಉಡೋದು ಇದ," ಎಂದು ತನ್ನ ನೈಲಾನು ಸೆರಗು ಎಳೆದು ತೋರಿಸಿದಳು. "ನಮ್ಮ ಮನ್ಯಾಗ ಹಳೇ ಹತ್ತಿ ಸೀರಿ ಎಲ್ಲಿಂದ ಬರಬೇಕು?"

"ಹುಡುಕು, ಸಿಗತೈತಿ," ಅಂದರು ಅತ್ತೆ.

ಹುಟ್ಟುಹಬ್ಬದ ದಿನ ಜಿಟಿಜಿಟಿ ಮಳೆ. ಭಾವ, ಓರಗಿತ್ತಿ ಎಲ್ಲ ಮಕ್ತಲದಿಂದ ಬಂದಿದ್ದರು. ಅಣ್ಣ ತಮ್ಮ ಕೂಡಿ ಅವ್ವನಿಗೆಂದು ಈ ಹೆಸರುಕಾಳಿನ ಬಣ್ಣದ ಸೀರೆಯನ್ನೇ ತಂದಿದ್ದರು. "ಮಕ್ಕಳು ತಂದಿದ್ದು, ಬ್ಯಾಡ ಅನಬಾರದು," ಎಂದು ಅದನ್ನು ಉಟ್ಟು, ಗಂಜಿಯ ಬಿರುಸಿಗೆ ಸುತ್ತಲೂ ಸೀರೆ ಗುಡಾರದ ಹಾಗೆ ನಿಂತು, ಅತ್ತೆ ಚಾಪೆಯ ಮೇಲೆ ಕೂತರು. ಆರತಿ ಆಯಿತು. ಹೋಳಿಗೆ ಊಟ ಆಯಿತು. ಆಮೇಲೆ ಒಬ್ಬೊಬ್ಬರೇ ಬಗಲಲ್ಲಿದ್ದ ಕವರು ತೆಗೆದು ಅತ್ತೆಯ ಮುಂದೆ ಇಡತೊಡಗಿದರು.

ಎಲ್ಲ ಹೊಸದು. ಒಂದೂ ಬಿಡದೆ ಹೊಸದು. ನೋಡನೋಡುತ್ತಿದ್ದಂತೆ ಅತ್ತೆಯ ಮುಂದೆ ಚೌಕಳಿ, ಗಟ್ಟಿ ಅಂಚು, ಜರಿ ಸೆರಗುಗಳ ಒಂದು ಗುಡ್ಡೆ ಬೆಳೆಯಿತು. ಮನೆ ತುಂಬ ಗಂಜಿಯ ವಾಸನೆ. ಅತ್ತೆಯ ಮುಖ ಸಣ್ಣಗಾಗುತ್ತ ಹೋಯಿತು. ನನಗೆ ಅವರನ್ನು ನೋಡಲಾಗಲಿಲ್ಲ. ಹೋಳಿಗೆಯ ಬುಟ್ಟಿ ಮುಚ್ಚುವ ನೆವದಲ್ಲಿ ಒಳಗೆ ಹೋಗಿ ಬಂದೆ.

"ಏನ್ರವಾ, ನಾ ಏನಂದಿದ್ದೆ?"

ಎದುರು ಮನೆಯ ಹಿರಿಯಾಕೆ ಒಬ್ಬರು ಮೆಲ್ಲಗೆ ಅಂದರು: "ಹುಟ್ಟಿದ ದಿನಾ ಹಳೇ ಅರಿವಿ ತಂದು ಕೊಡೋದು ಹ್ಯಾಂಗವ್ವ? ಸತ್ತೋರ ಬಟ್ಟಿ ಹಂಚಿದಂಗ ಆಗತೈತಿ. ನಮ್ಮ ಕೈಲೆ ಆಗಲಿಲ್ಲ."

"ನಾ ತಂದೀನಿ," ಎಂದು ಆಗ ಅನಸೂಯಮ್ಮ ಮುಂದೆ ಬಂದಳು. ಕವರಿನಿಂದ ಒಂದು ಮುದುಡಿದ ಸೀರೆ ತೆಗೆದಳು. ಅತ್ತೆಯ ಕಣ್ಣು ಅರಳಿತು. ಎರಡು ಬೆರಳಿನ ನಡುವೆ ಸೆರಗು ಹಿಡಿದು ಉಜ್ಜಿ ನೋಡಿದರು. ಬೆರಳಿಗೆ ಕೆಂಪು ಹತ್ತಿತು.

"ಅನಸೂಯಾ, ಇದು ಹಳೇದೇನ?"

ಅವಳು ನೆಲ ನೋಡಿದಳು. "ಮೊನ್ನಿ ಮಗ್ಗದಿಂದ ಇಳಿಸಿದ್ದ ಅವ್ವಾ. ಹಳೇದು ಸಿಗಲಿಲ್ಲ. ಅದಕ್ಕ ನಿನ್ನಿಯಿಂದ ಒಗದು ಒಗದು ಹಳೇದು ಮಾಡೀನಿ. ರಟ್ಟಿ ಬಿದ್ದು ಹೋದ್ವು, ಇದು ಮಾತ್ರ ಹಳೇದು ಆಗವಲ್ದು."

ಅತ್ತೆ ಬೆರಳಿನ ಕೆಂಪು ನೋಡಿದರು, ಅವಳನ್ನು ನೋಡಿದರು. ಆಮೇಲೆ ಅತ್ತೆ ನಗತೊಡಗಿದರು. ಅವರು ನಕ್ಕರೆ ಮೈಯೆಲ್ಲ ಕುಣಿಯುತ್ತಿತ್ತು. ಆ ಬಿರುಸು ಸೀರೆಯೂ ಅವರ ಜೊತೆ ಸರಸರ ಅಂದಿತು. ಮನೆಗೆ ಮನೆಯೇ ನಕ್ಕಿತು. ಅನಸೂಯಮ್ಮ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನಗು ನಿಂತ ಮೇಲೆ ಅತ್ತೆ ಎದ್ದು ನಿಂತರು. ಅನಸೂಯಮ್ಮನ ಸೀರೆಯನ್ನು ಅವಳ ಹೆಗಲ ಮೇಲೆಯೇ ಹಾಕಿದರು.

"ಇದನ್ನ ನೀನ ಉಡು. ಅಲಮಾರ್‍ಯಾಗ ಇಡಬ್ಯಾಡ. ಕಸಾ ಹೊಡಿ, ರೊಟ್ಟಿ ಬಡಿ, ಮಗ್ಗಕ್ಕ ಕುಂದ್ರು, ಇದನ್ನ ಉಟ್ಟ ಮಾಡು. ಮುಂದಿನ ಪಂಚಮಿಗೆ ತಂದುಕೊಡು. ಆವತ್ತ ನನಗ ನಿನ್ನ ಆಯೇರಿ ಮುಟ್ಟಿತು ಅಂತ ತಿಳಕೋತೀನಿ."

ಹಾಗೆ ಒಬ್ಬೊಬ್ಬರದೂ ಅವರವರ ಹೆಗಲಿಗೆ ತಿರುಗಿ ಹೋಯಿತು. ಯಾರ ಆಯೇರಿಯನ್ನೂ ಬೇಡ ಅನ್ನಲಿಲ್ಲ, ಯಾರ ಮುಯ್ಯಿಯೂ ಬಾಕಿ ಉಳಿಯಲಿಲ್ಲ.

ಎದುರು ಮನೆಯಾಕೆ ಚೇಷ್ಟೆ ಮಾಡಿದರು: "ಮುಂದಿನ ಪಂಚಮಿಗೆ ನೀ ಇರ್ತೀಯೇನು, ತಗೊಳ್ಳಾಕ?"

"ನಾ ಇಲ್ಲಾಂದ್ರ ನನ್ನ ಸೊಸಿ ಇರ್ತಾಳ. ತಪ್ಪಿಸ್ಕೊಳ್ಳಾಕ ನೋಡಬ್ಯಾಡ."

ಮಾರನೆಯ ದಿನ ಬೆಳಗ್ಗೆ ಅತ್ತೆ ತಾವು ಉಟ್ಟಿದ್ದ ಸೀರೆಯನ್ನು ಮಡಚಿ ನನ್ನ ಹೆಗಲಿಗೆ ಹಾಕಿದರು. "ಇದು ನಿನ್ನ ಪಾಲು. ನೀನೂ ಉಡು."

ಆ ವರ್ಷ ನಮ್ಮ ಓಣಿ ನೋಡಬೇಕಿತ್ತು. ಕಟ್ಟೆ ಸಾರಿಸುವವರ ಸೊಂಟದಲ್ಲಿ ಕೆಂಪಂಚಿನ ಸೀರೆ, ನಳದ ಹತ್ತಿರ ಜಗಳಾಡುವವರ ತಲೆಯ ಮೇಲೆ ಜರಿ ಸೆರಗು. ಇವರು ಬ್ಯಾಂಕಿನಿಂದ ಬಂದವರೇ, "ಏನಿದು, ಓಣ್ಯಾಗ ದಿನಾ ಮದುವಿ ಇದ್ದಂಗ ಐತಿ," ಅನ್ನುತ್ತಿದ್ದರು. ಅನಸೂಯಮ್ಮ ತಾನು ನೇಯ್ದ ಸೀರೆಯನ್ನೇ ಉಟ್ಟು ನೇಯಲು ಕೂರುತ್ತಿದ್ದಳು. "ಮೊದಲನೇ ಸಲಾ ಅವ್ವಾ," ಎಂದು ಒಮ್ಮೆ ನನ್ನೆದುರು ಅಂದಳು. ಯಾವುದು ಮೊದಲನೇ ಸಲ ಎಂದು ನಾನು ಕೇಳಲಿಲ್ಲ. ಸೆರಗನ್ನು ಮಡಿಲಲ್ಲಿ ಹರಡಿಕೊಂಡು ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು.

ಅತ್ತೆ ಮಧ್ಯಾಹ್ನದ ಮೇಲೆ ಕಟ್ಟೆಯ ಮೇಲೆ ಕೂರುವರು. ಹಾದು ಹೋಗುವ ಹೆಂಗಸರನ್ನು ನಿಲ್ಲಿಸಿ ಎರಡು ಬೆರಳಿನಲ್ಲಿ ಸೆರಗು ಹಿಡಿದು ಉಜ್ಜುವರು. "ಇನ್ನೂ ಆಗಿಲ್ಲ," ಅನ್ನುವರು. ಆ ಹೆಂಗಸರು ಬೇಕೆಂದೇ ಸೆರಗು ಚಾಚಿ, "ಈಗ ನೋಡ್ರಿ" ಅನ್ನುವರು. "ಆಗಾಕ ಹತ್ತೈತಿ. ಹೋಗು, ಇನ್ನೊಂದೀಟು ದುಡಿ." ದಸರೆಯ ಹೊತ್ತಿಗೆ ಅದು ಓಣಿಯ ಆಟವೇ ಆಗಿಹೋಗಿತ್ತು.

ಕೈ ಖಾಲಿ ಇರಬಾರದೆಂದು ಅತ್ತೆ ತಮ್ಮ ಟ್ರಂಕಿನ ಹಳೇ ಸೀರೆಗಳನ್ನೆಲ್ಲ ದವಾಖಾನಿಯ ಕೂಸುಗಳಿಗೆಂದು ಒಂದೊಂದಾಗಿ ತೆಗೆದರು. ಪದರದ ಮೇಲೆ ಪದರ ಹಾಸಿ, ನಾಲ್ಕೂ ಮೂಲೆಗೆ ಲೋಟ ಹೇರಿ, ಅವರು ಆ ಕಡೆಯಿಂದ ನಾನು ಈ ಕಡೆಯಿಂದ ದಾರ ಹಾಕುತ್ತ ಬರುವುದು. ಕಾನ್ವೆಂಟಿನಲ್ಲಿ ಕಲಿತ ನನ್ನ ಹೊಲಿಗೆ ಸಣ್ಣದು, ಗೆರೆ ಎಳೆದ ಹಾಗೆ. ಅವರದು ಅಕ್ಕಿ ಕಾಳಿನಷ್ಟು ಉದ್ದ, ಸೊಟ್ಟ. ಎರಡೂ ನಡುವೆ ಬಂದು ಕೂಡಿದಾಗ ಅವರು, "ನಿಂದು ಇಂಗ್ಲೀಷು, ನಂದು ನಮ್ಮೂರ ಮಾತು" ಎಂದು ನಗುವರು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಅಕ್ಕಿ ಕಾಳು ಒಳಗಿಡುವರು. ಖಾಲಿ ಹೊಟ್ಟೆಯ ಕೌದಿ ಕೂಸಿಗೆ ಹೊದಿಸಬಾರದಂತೆ.

ನನ್ನ ಅಲಮಾರಿಯಲ್ಲೂ ಒಂದು ಹಳೇ ಸೀರೆ ಇತ್ತು. ನನ್ನ ಅಮ್ಮನದು. ನೀಲಿ ಹೋಗಿ ಬೂದಿಯಾದ ಮೈ, ಮೇಲೆ ಸಣ್ಣ ಸಣ್ಣ ಹಳದಿ ಹೂವು. ರಾಯಚೂರಿನಲ್ಲಿ ಅಮ್ಮ ಹೋದ ಮೇಲೆ ನಾನು ಕೇಳಿ ತಂದದ್ದು ಅದೊಂದೇ. ಅಡುಗೆಮನೆಯಲ್ಲಿ ನಿಂತ ಅಮ್ಮನ ಹಿಂದಿನಿಂದ ಹೋಗಿ ಆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ. ಅತ್ತೆಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ಬಿಸಿಲಿಗೆ ಹಾಕಿದಾಗ ತಾವೇ ಮಡಚಿ ಇಟ್ಟಿದ್ದರು. ಊರಿನವರೆಲ್ಲರ ಮನೆಯ ಹಳೇ ಸೀರೆ ಕೇಳಿದ ಅವರು ಅದನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಇನ್ನು ಅವರು ಹೆಗಲಿಗೆ ಹಾಕಿದ ಈ ಸೀರೆ. ಉಡಬೇಕೆಂದು ತೆಗೆಯುತ್ತಿದ್ದೆ. ಒಲೆಯ ಮುಂದೆ ಇದನ್ನು ಹೇಗೆ ಉಡುವುದು, ದೀಪಾವಳಿಗೆ ಉಡೋಣ ಅನ್ನಿಸುತ್ತಿತ್ತು. ದೀಪಾವಳಿಗೆ ಇವರು ಬೇರೆ ತಂದರು. ಸಂಕ್ರಾಂತಿಗೆ ಅಂದುಕೊಂಡೆ. ತೊಗರಿ ಕೊಯ್ಲಿನ ಹೊತ್ತಿಗೆ ಆ ವರ್ಷ ಚಳಿ ಜೋರಾಗಿ ಬಿತ್ತು. ಅತ್ತೆಗೆ ಕೆಮ್ಮು ಹತ್ತಿತು, ಎದೆಗೆ ಇಳಿಯಿತು. ಮಕ್ತಲದ ಡಾಕ್ಟರ ಔಷಧಿಯೇ ತಮಗೆ ಹಿಡಿಯುವುದು ಎಂದು ಹಟ ಹಿಡಿದರು. ಭಾವ ಕಾರು ತಂದರು. ಕಾರಿನಲ್ಲಿ ಕೂತ ಮೇಲೆ ಅತ್ತೆ ಕಿಟಕಿಯಿಂದ ಕೈ ಚಾಚಿ ನನ್ನ ಸೆರಗು ಹಿಡಿದು ಉಜ್ಜಿದರು. ಮನೆಯಲ್ಲಿ ಉಡುವ ಸಾಧಾರಣ ವಾಯಿಲ್ ಸೀರೆ ಅದು. "ಅದನ್ನ ಉಡು, ಸುನಂದಾ," ಅಂದರು. "ಹೂಂ ಅತ್ತಿ, ನೀವು ಬರೋದ್ರಾಗ ಉಟ್ಟಿರ್ತೀನಿ," ಅಂದೆ.

ಅವರು ಬರಲಿಲ್ಲ. ಯುಗಾದಿಗೆ ಇನ್ನೂ ದಿನ ಇರುವಾಗಲೇ ಮಕ್ತಲದಲ್ಲಿ ಹೋಗಿಬಿಟ್ಟರು.

ಆಮೇಲೆ ಆ ಸೀರೆಯನ್ನು ಉಡುವುದು ನನ್ನಿಂದಾಗಲಿಲ್ಲ. ಅವರು ಒಂದು ಸಂಜೆ ಉಟ್ಟದ್ದು. ಆ ನಗುವಿನಲ್ಲಿ ಸರಸರ ಅಂದದ್ದು. ಒಗೆದರೆ ಅದೂ ಹೋಗಿಬಿಡುತ್ತದೇನೋ ಎಂದು ಪಂಚೆಯಲ್ಲಿ ಸುತ್ತಿ ಒಳಗಿಟ್ಟೆ.

ಬೇಸಿಗೆ ಹೋಗಿ ಮತ್ತೆ ಮಳೆ ಬಂತು. ಪಂಚಮಿಗೆ ನಾನು ಉಂಡೆ ಕಟ್ಟಲಿಲ್ಲ, ಮನೆಯಲ್ಲಿ ಹಬ್ಬವಿರಲಿಲ್ಲ. ಮರುದಿನ ಬೆಳಗ್ಗೆ ಓಣಿಯಲ್ಲಿ ನೂಲು ಹಾಸಿ ಗಂಜಿ ಹಚ್ಚುತ್ತಿದ್ದರು. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅನಸೂಯಮ್ಮ. ಮೈಮೇಲೆ ಮೊದಲಿನ ಹಾಗೆ ನೈಲಾನು ಸೀರೆ. ಕೈಯಲ್ಲಿ ಅತ್ತೆ ಅವಳ ಹೆಗಲಿಗೆ ಹಾಕಿದ ಸೀರೆ, ಒಗೆದು ಮಡಚಿದ್ದು.

"ಅವ್ವ ಇವತ್ತ ತರಬೇಕಂದಿದ್ರಲ್ಲ," ಅಂದಳು.

ಅವಳ ಹಿಂದೆ ಎದುರು ಮನೆಯಾಕೆ. ಅವರ ಹಿಂದೆ ಇನ್ನೊಬ್ಬರು. ಮಳೆಯಲ್ಲಿ ನೆನೆಯದ ಹಾಗೆ ಸೆರಗಿನ ಒಳಗೆ ಮುಚ್ಚಿಕೊಂಡು, ನೂಲಿನ ಪಕ್ಕದಲ್ಲಿ ಮೈ ಹಿಡಿ ಮಾಡಿಕೊಂಡು, ಒಬ್ಬೊಬ್ಬರಾಗಿ ಬಂದರು. ಹುಟ್ಟಿದ ದಿನ ಹಳೇ ಬಟ್ಟೆ ಹೇಗೆ ತರುವುದು ಅಂದವರೇ 'ಉಟ್ಟು ಹಳೇದು ಮಾಡೀವಿ' ಎಂದು ತಂದು ಚಾಪೆಯ ಮೇಲೆ ಇಟ್ಟರು. ಇಟ್ಟು ಕೂತರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾಕೆ ನೋಡುತ್ತಿದ್ದಾರೆಂದು ತಡವಾಗಿ ತಿಳಿಯಿತು. ಬಗ್ಗಿ, ಅನಸೂಯಮ್ಮನ ಸೀರೆಯ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದೆ. ಕೂಸಿನ ಕಿವಿಯಷ್ಟು ಮೆತ್ತಗೆ.

"ಆಗೇತಿ," ಅಂದೆ. ಅನಸೂಯಮ್ಮ ಬಿಕ್ಕಿದಳು.

ಒಳಗೆ ಹೋಗಿ ಅಲಮಾರಿ ತೆಗೆದೆ. ಅತ್ತೆಯ ಸೀರೆ ಇದ್ದ ಹಾಗೇ ಬಿರುಸಾಗಿತ್ತು. ಅದು ಕೊಡುವಂಥದ್ದಾಗಿರಲಿಲ್ಲ. ಅದರ ಪಕ್ಕದಲ್ಲಿದ್ದ ಅಮ್ಮನ ಸೀರೆಯನ್ನು ತೆಗೆದು, ಮುಖಕ್ಕೆ ಒಮ್ಮೆ ಒತ್ತಿಕೊಂಡು, ತಂದು ಗುಡ್ಡೆಯ ಮೇಲಿಟ್ಟೆ. ಅನಸೂಯಮ್ಮ ಮುಟ್ಟಿ ನೋಡಿ, "ಇದು ಭಾಳ ವರ್ಷದ್ದು," ಅಂದಳು. ಹೌದು ಅಂದೆ.

ಆ ಶ್ರಾವಣವೆಲ್ಲ ನಮ್ಮ ಪಡಸಾಲೆಯಲ್ಲಿ ಕೌದಿ. ಮೂಲೆ ಮುಚ್ಚುವ ಮುಂಚೆ ಅಕ್ಕಿ ಕಾಳು ಇಡುವುದನ್ನು ಯಾರೂ ಮರೆಯಲಿಲ್ಲ. ದವಾಖಾನಿಗೆ ಒಯ್ದ ದಿನ ಅದೇ ನರ್ಸು ಇದ್ದಳು. ಹಳದಿ ಹೂವಿನ ಕೌದಿ ಯಾರ ಕೂಸಿಗೆ ಹೋಯಿತೆಂದು ನಾನು ನೋಡಲಿಲ್ಲ. ನೋಡಬಾರದು ಅನ್ನಿಸಿತು. ಆದರೂ ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಯಾರ ಬಗಲಲ್ಲಾದರೂ ಕೂಸು ಕಂಡರೆ ಮೊದಲು ಅದರ ಕೆಳಗಿನ ಬಟ್ಟೆಯ ಕಡೆ ನನ್ನ ಕಣ್ಣು ಹೋಗುತ್ತದೆ. ಮುಂದೆ ಕೆಲವೇ ತಿಂಗಳಲ್ಲಿ ಇವರಿಗೆ ಗದ್ವಾಲಕ್ಕೆ ವರ್ಗವಾಯಿತು. ನದಿ ದಾಟಿ ಈ ಕಡೆ ಬಂದೆವು.

ಹೀಗೆ ಅಜ್ಜಿಯದೂ ಇಲ್ಲ, ಅಮ್ಮಮ್ಮನದೂ ಇಲ್ಲ. ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಮಗಳು "ಇರ್ತಾವಲ್ಲ?" ಅಂದಾಗ ಎದೆಯಲ್ಲಿ ಖಾಲಿ ಅರೆಯೊಂದು ತೆರೆದುಕೊಂಡ ಹಾಗಾಯಿತು. ಇರುವುದು ಇದೊಂದು. ಅಜ್ಜಿಯ ಸೀರೆ ಅನ್ನಬಹುದು. ಆದರೆ ಅವರ ಮೈ ಕಂಡದ್ದು ಒಂದೇ ಸಂಜೆ. ಕೂಸಿನ ಕೆಳಗೆ ಹಾಸಿದರೆ ಬೀರಮ್ಮನ ಕಂಬಳಿಯ ಹಾಗೆ ಚುಚ್ಚೀತು.

ಮಧ್ಯಾಹ್ನವೆಲ್ಲ ಅದು ಮಂಚದ ಮೇಲೆಯೇ ಇತ್ತು. ಊಟ ಮಾಡಿದೆ, ಅಕ್ಕಿ ಆರಿಸಿದೆ, ಹೋಗಿ ಹೋಗಿ ನೋಡಿದೆ. ಸಂಜೆ ಮೋಡ ಸ್ವಲ್ಪ ಸರಿದು ಬಿಸಿಲು ಬಿದ್ದಾಗ ಗಾಳಿಗಾದರೂ ಆಡಲಿ ಎಂದು ಪಡಸಾಲೆಯ ಹಗ್ಗಕ್ಕೆ ಹಾಕಿದೆ. ಬಿಳಿಚಿದ ಮಡಿಕೆಗಳು ಗೆರೆ ಗೆರೆಯಾಗಿ ಕಂಡವು. ಅಷ್ಟರಲ್ಲಿ ಶಕುಂತಲಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳು.

"ಅಕ್ಕಾರ, ಕರಿಬೇವು ಐತೇನ್ರೀ... ಅಯ್ಯ, ಎಷ್ಟು ಚಂದ ಸೀರಿ! ಯಾವಾಗ ತಂದ್ರೀ?"

"ತಂದಿದ್ದಲ್ಲ. ನಮ್ಮತ್ತೀದು," ಅಂದೆ. "ಪಲ್ಲವಿಗೆ ಅಜ್ಜಿ ಸೀರೀದ ಕೌದಿ ಬೇಕಂತ. ಉಳಿದಿದ್ದು ಇದೊಂದ. ಇಷ್ಟು ವರ್ಷ ಜ್ವಾಕಿ ಮಾಡಿ ಇಟ್ಟೀನಿ. ಆದ್ರ ನೋಡು, ಇನ್ನೂ ಹೊಸಾದರಂಗ ಬಿರುಸೈತಿ. ಹ್ಯಾಂಗ ಹೊಲೀಲಿ?"

ಅವಳು ಅದನ್ನು ಮುಟ್ಟಲೂ ಇಲ್ಲ. ಆಗಲೇ ನನ್ನನ್ನು ದಾಟಿ ಹಿತ್ತಲಿಗೆ ಹೋಗಿ ಕರಿಬೇವಿನ ಎಸಳು ಮುರಿಯುತ್ತಿದ್ದಳು. ಅವಳ ಮನೆಯಿಂದ ಸಾಸಿವೆ ಸಿಡಿಯುವ ಸದ್ದು ಇಲ್ಲಿಗೇ ಕೇಳುತ್ತಿತ್ತು. ಓಡುತ್ತ ವಾಪಸು ಹೋಗುವಾಗ, ತಿರುಗಿ ನೋಡದೆ ಅಂದಳು:

"ಮಡಚಿ ಇಟ್ರ ಸೀರಿ ಮೆತ್ತಗಾಗತೈತೇನ್ರೀ ಅಕ್ಕಾರ? ನಾಳಿಂದ ನೀವ ಉಡ್ರಿ. ಕೂಸು ಬರೋದ್ರಾಗ ಹಳೇದಾಗತೈತಿ."